ಬೆಳಗಿನ ಕಾಫಿ: ಬಿಡಬೇಕಾ, ಇಟ್ಟುಕೊಳ್ಳಬೇಕಾ?

ಯೌವನಸ್ಥರ ಕೂಟದ ಸಂದೇಶ
ವಾಕ್ಯಭಾಗ: ದಾನಿಯೇಲ 1:8-16, ಮಾರ್ಕ 7:9-13, 1 ಕೊರಿಂಥ 6:12

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಲ್ಕೂ ಕಡೆಯಿಂದ ಬಂದಿದ್ದೀರಿ. ಮಾಗಡಿಯವರು ಬಸ್ಸಿಗೆ ಬೇಗ ಹೊರಡಬೇಕು ಅಂತ ಗೊತ್ತು, ಅದಕ್ಕೆ ನೇರವಾಗಿ ವಿಷಯಕ್ಕೆ ಬರ್ತೀನಿ.

ಸೋಮವಾರದಿಂದ ನಮ್ಮ 21 ದಿನದ ಉಪವಾಸ ಪ್ರಾರ್ಥನೆ ಶುರುವಾಗುತ್ತೆ. ಹೆಸರು ಕೊಡಿ ಅಂತ ಹೇಳಿದ ಮೇಲೆ ನಿಮ್ಮಲ್ಲಿ ತುಂಬಾ ಜನ ನನಗೆ ಮೆಸೇಜ್ ಮಾಡಿದ್ರಿ. ಹೆಚ್ಚಿನವರದ್ದು ಒಂದೇ ಪ್ರಶ್ನೆ. "ಬ್ರದರ್, ಡ್ಯೂಟಿ ಇರೋದ್ರಿಂದ ಊಟ ಬಿಡೋಕಾಗಲ್ಲ, ಬೆಳಗಿನ ಕಾಫಿ ಬಿಡಲಾ?" ಇನ್ನು ಕೆಲವರು ಕೇಳಿದ್ದು, "ಕಾಫಿ ಕುಡಿಯೋದು ಪಾಪಾನಾ?" ಒಬ್ಬ ಸಹೋದರ ಮಾತ್ರ ನೇರವಾಗಿ ಬರೆದಿದ್ದ: "ಬ್ರದರ್, ಕಾಫಿ ಬಿಟ್ರೆ ನಾನು ಕ್ರೈಸ್ತನ ಥರ ಇರೋಕೇ ಆಗಲ್ಲ." ನಗಬೇಡಿ, ಅವನು ಪ್ರಾಮಾಣಿಕ.

ನಿಮ್ಮ ಬೆಳಗ್ಗೆ ಹೇಗಿರುತ್ತೆ ಅಂತ ನನಗೆ ಗೊತ್ತು. ಚನ್ನಪಟ್ಟಣ, ರಾಮನಗರದವರು ಕತ್ತಲಿರುವಾಗಲೇ ಸ್ಟೇಷನ್ನಿಗೆ ಓಡ್ತೀರಿ. ಕನಕಪುರಕ್ಕೂ ಮಾಗಡಿಗೂ ರೈಲಿಲ್ಲ, ನೀವು ಬಸ್ಸಲ್ಲಿ ನಿಂತ್ಕೊಂಡೇ ಹೋಗ್ತೀರಿ. ಬಿಡದಿ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಮಾಡೋರಿಗೆ ಬೆಳಗು ಯಾವುದು, ರಾತ್ರಿ ಯಾವುದು ಅನ್ನೋದೇ ವಾರಕ್ಕೊಮ್ಮೆ ಬದಲಾಗುತ್ತೆ. ಈ ಗಡಿಬಿಡಿಯಲ್ಲಿ ಒಂದು ಲೋಟ ಬಿಸಿ ಕಾಫಿ ಸಣ್ಣ ವಿಷಯ ಅಲ್ಲ. ನಮ್ಮ ತಾಲೂಕುಗಳಲ್ಲಿ ಬೆಳೆಯೋದು ರಾಗಿ, ಹಿಪ್ಪುನೇರಳೆ, ಮಾವು. ಕಾಫಿ ಬರೋದು ಚಿಕ್ಕಮಗಳೂರು, ಕೊಡಗು, ಹಾಸನದ ಕಡೆಯಿಂದ. ಆದರೂ ನಮ್ಮ ಮನೆಗಳಲ್ಲಿ ಬಂದವರಿಗೆ ಮೊದಲು ಕೇಳೋದು "ಕಾಫಿ ಕುಡೀತೀರಾ" ಅಂತಾನೇ.

ಮೊದಲು ಪಾಪದ ಪ್ರಶ್ನೆ ಮುಗಿಸಿಬಿಡೋಣ, ಅದಕ್ಕೆ ಹೆಚ್ಚು ಸಮಯ ಬೇಡ. ಮಾರ್ಕ 7ರಲ್ಲಿ ಕರ್ತನು ಸ್ಪಷ್ಟವಾಗಿ ಹೇಳಿದ್ದಾನೆ: ಹೊರಗಿನಿಂದ ಹೊಟ್ಟೆಗೆ ಹೋಗೋದು ಮನುಷ್ಯನನ್ನ ಹೊಲೆಮಾಡಲ್ಲ, ಹೃದಯದಿಂದ ಹೊರಗೆ ಬರೋದು ಹೊಲೆಮಾಡುತ್ತೆ. ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯವರು ಕಾಫಿ, ಟೀ ಎರಡೂ ಬೇಡ ಅಂತ ಕಲಿಸ್ತಾರೆ. ಅವರನ್ನ ಗೌರವಿಸ್ತೀವಿ. ನಮ್ಮ ಸಭೆ ಅದನ್ನ ಕಟ್ಟಳೆ ಮಾಡಿಲ್ಲ, ಮಾಡೋದೂ ಇಲ್ಲ. ಕೊಲೊಸ್ಸೆ 2ನೇ ಅಧ್ಯಾಯ ಮನೆಯಲ್ಲಿ ಓದಿಕೊಳ್ಳಿ. ಅದನ್ನ ಮುಟ್ಟಬೇಡ, ಇದನ್ನ ರುಚಿ ನೋಡಬೇಡ ಅನ್ನೋ ನಿಯಮಗಳು ನೋಡೋಕೆ ಭಕ್ತಿ ಥರ ಕಾಣ್ತವೆ, ಒಳಗಿನ ಮನುಷ್ಯನನ್ನ ಬದಲಾಯಿಸಲ್ಲ ಅನ್ನೋದು ಪೌಲನ ವಾದ.

ಹಾಗಂತ "ಪಾಪ ಅಲ್ಲ, ಸರಿ ಹಾಗಾದ್ರೆ" ಅಂತ ಎದ್ದು ಹೋಗಬೇಡಿ. ಅದೇ ಪೌಲ 1 ಕೊರಿಂಥ 6:12ರಲ್ಲಿ ಬೇರೆ ಪ್ರಶ್ನೆ ಎತ್ತುತ್ತಾನೆ. ಮಾಡೋಕೆ ಅಪ್ಪಣೆ ಇದೆ ಸರಿ, ಆದರೆ ಯಾವುದಾದರೂ ನನ್ನ ಮೇಲೆ ಅಧಿಕಾರ ನಡೆಸೋಕೆ ನಾನು ಬಿಡ್ತೀನಾ? ಇಲ್ಲಿ ಯೋಚನೆ ಮಾಡಬೇಕು.

ನಿಮ್ಮ ಮನೆಯವರನ್ನ ಕೇಳಿ, ಅವರು ಹೇಳ್ತಾರೆ. ಕಾಫಿ ಹತ್ತು ನಿಮಿಷ ತಡವಾದ್ರೆ ನೀವು ಹೇಗಿರ್ತೀರಿ? ಮದುವೆಯಾಗಿರೋ ತಮ್ಮಂದಿರು ಇಲ್ಲಿ ಇದ್ದೀರಿ. ಹಾಸಿಗೆಯಿಂದಲೇ "ಕಾಫಿ ಎಲ್ಲೇ?" ಅಂತ ಕೂಗಿ, ಆಮೇಲೆ ಬೈಬಲ್ ತೆಗೆದು ಕೂತರೆ, ಆ ಪ್ರಾರ್ಥನೆಯನ್ನ ಅಡುಗೆಮನೆಯಲ್ಲಿ ನಿಂತಿರೋ ನಿಮ್ಮ ಹೆಂಡತಿ ಏನಂತ ಕೇಳಿಸಿಕೊಳ್ತಾಳೆ? ನಿಮಗೆ ನನ್ನ ಸಲಹೆ ಕಾಫಿ ಬಿಡಿ ಅನ್ನೋದಲ್ಲ. 21 ದಿನ ನೀವೇ ಮೊದಲು ಎದ್ದು, ಡಿಕಾಕ್ಷನ್ ಹಾಕಿ, ಹಾಲು ಕಾಯಿಸಿ, ಅವಳಿಗೆ ಒಂದು ಲೋಟ ಕೊಡಿ. ಅದೇ ನಿಮ್ಮ ಉಪವಾಸ. ಸಿಸ್ಟರ್ಸ್ ಮಾತ್ರ ಹಲ್ಲೆಲೂಯಾ ಅಂತಿದ್ದೀರಿ, ಬ್ರದರ್ಸ್ ಎಲ್ಲಿ?

ಇನ್ನು ಕೆಲವರಿಗೆ ಕಾಫಿ ನಿಜವಾಗಿಯೂ ಬಿಡಬೇಕಾದದ್ದೇ. ದಿನಕ್ಕೆ ಐದು, ಆರು ಲೋಟ ಹೋಗುತ್ತೆ, ರಾತ್ರಿ ನಿದ್ದೆ ಬರಲ್ಲ, ನಿದ್ದೆ ಇಲ್ಲ ಅಂತ ಬೆಳಗ್ಗೆ ಮತ್ತೆ ಕಾಫಿ. ಇದು ಹೇಗೆ ನಡೆಯುತ್ತೆ ಅಂತ ಸ್ವಲ್ಪ ತಿಳ್ಕೊಳ್ಳಿ. ನಾವು ಎಚ್ಚರವಾಗಿದ್ದಷ್ಟೂ ಮೆದುಳಲ್ಲಿ ಅಡೆನೊಸಿನ್ ಅನ್ನೋ ವಸ್ತು ಸೇರ್ತಾ ಹೋಗುತ್ತೆ, ಅದು ನಿದ್ದೆ ಬೇಕು ಅಂತ ಸೂಚನೆ ಕೊಡುತ್ತೆ. ಕೆಫೀನ್ ಹೋಗಿ ಅದರ ಜಾಗದಲ್ಲಿ ಕೂತ್ಕೊಳ್ಳುತ್ತೆ. ದಣಿವು ಹೋಗಿರಲ್ಲ, ದಣಿವಿನ ಸುದ್ದಿ ನಿಮಗೆ ತಲುಪಿರಲ್ಲ ಅಷ್ಟೇ. ಕುಡಿದ ಕೆಫೀನಲ್ಲಿ ಅರ್ಧ ದೇಹದಿಂದ ಹೋಗೋಕೇ ಸುಮಾರು 5 ಗಂಟೆ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಹಾಗಾಗಿ ಸಂಜೆ ಆರಕ್ಕೆ ಕುಡಿದದ್ದು ರಾತ್ರಿ ಹನ್ನೊಂದಕ್ಕೂ ಒಳಗೇ ಇರುತ್ತೆ. ಆರೋಗ್ಯವಾಗಿರೋ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್ ತನಕ ಸಾಮಾನ್ಯವಾಗಿ ತೊಂದರೆ ಇಲ್ಲ ಅನ್ನೋದು ಅಮೆರಿಕದ ಎಫ್‌ಡಿಎ ಹೇಳೋ ಲೆಕ್ಕ. ಬೆಳಗ್ಗೆ ಒಂದು ಲೋಟ ಫಿಲ್ಟರ್ ಕಾಫಿ, ಅದರಲ್ಲೂ ಚಿಕೋರಿ ಬೆರೆಸಿದ್ದು, ಈ ಲೆಕ್ಕಕ್ಕೆ ಹತ್ತಿರಕ್ಕೂ ಹೋಗಲ್ಲ. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಸೋಮವಾರ ಒಮ್ಮೆಲೇ ಕಾಫಿ ನಿಲ್ಲಿಸಿದವರಿಗೆ ಮಂಗಳವಾರ ತಲೆ ಸಿಡಿಯುತ್ತೆ. ಬಿಟ್ಟ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗಿ, ಒಂದೆರಡು ದಿನದಲ್ಲಿ ಜೋರಾಗಿ, ಸಾಮಾನ್ಯವಾಗಿ 2ರಿಂದ 9 ದಿನದೊಳಗೆ ಹೋಗುತ್ತೆ. ಜೊತೆಗೆ ತೂಕಡಿಕೆ, ಸಿಡುಕು. ನಮ್ಮ ಸಭೆಗಳಲ್ಲಿ ಇದನ್ನ ಸೈತಾನನ ದಾಳಿ ಅಂತ ತಿಳ್ಕೊಂಡು ತಲೆ ಮೇಲೆ ಕೈಯಿಟ್ಟು ಗದರಿಸೋದುಂಟು. ಪ್ರಾರ್ಥನೆ ಖಂಡಿತ ಮಾಡಿ. ಆದರೆ ಅದು ದೆವ್ವ ಅಲ್ಲ, ಕೆಫೀನ್. ಎಲ್ಲದಕ್ಕೂ ಸೈತಾನನಿಗೆ ಹೆಸರು ಕೊಟ್ರೆ, ಅವನು ನಿಜವಾಗಿ ಬಂದ ದಿನ ನಮಗೆ ಗುರುತೇ ಸಿಗಲ್ಲ.

ಈ ತಲೆನೋವು ದೊಡ್ಡ ದೈವಜನರಿಗೂ ಬಂದಿದೆ. ಜಾನ್ ವೆಸ್ಲಿ ಹೆಸರು ಕೇಳಿದ್ದೀರಿ. ಮೈಸೂರಿನ ಮಿಷನ್ ಆಸ್ಪತ್ರೆ, ಅಂದ್ರೆ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಕಟ್ಟಿಸಿದ್ದು ಅವರ ಹೆಸರಿನ ವೆಸ್ಲಿಯನ್ ಮಿಷನ್ನೇ. 1906ರಲ್ಲಿ. ಅದೇ ವರ್ಷ ಅತ್ತ ಅಮೆರಿಕದ ಅಜೂಸಾ ಬೀದಿಯಲ್ಲಿ ಪೆಂತೆಕೋಸ್ತ ಉಜ್ಜೀವನ ಹೊತ್ತಿಕೊಂಡಿತು, ಆ ಉಜ್ಜೀವನದ ಬೇರು ಕೂಡ ವೆಸ್ಲಿಯ ಪರಿಶುದ್ಧತೆಯ ಬೋಧನೆಗೆ ಹೋಗುತ್ತೆ. ಹಾಗಾಗಿ ಒಂದು ರೀತಿಯಲ್ಲಿ ಅವರು ನಮಗೂ ಅಜ್ಜ.

ವೆಸ್ಲಿಗೆ ಕಾಫಿಯಲ್ಲ, ಟೀ ಅಭ್ಯಾಸ. 26 ವರ್ಷದಿಂದ ಕುಡೀತಿದ್ರು. ಬೆಳಗ್ಗೆ ಟೀ ಆದ ಮೇಲೆ ಕೈ ನಡುಗೋದನ್ನ ಗಮನಿಸಿದ್ರು. ಆದರೆ ಅವರು ಬಿಟ್ಟದ್ದು ಕೈ ನಡುಗೋದಕ್ಕೆ ಮಾತ್ರ ಅಲ್ಲ. ಲಂಡನ್ನಿನ ಅವರ ಕೂಟದಲ್ಲಿ ಬಡವರು ಹೆಚ್ಚು, ಟೀ ಆಗ ದುಬಾರಿ. ಆ ಬಡವರ ದುಡ್ಡು, ಸಮಯ, ಆರೋಗ್ಯ ಮೂರೂ ಟೀಗೆ ಹೋಗ್ತಿದೆ ಅಂತ ಅವರಿಗೂ ಕೂಟದ ನಾಯಕರಿಗೂ ಅನ್ನಿಸಿತು. 1746ರ ಜುಲೈಯಲ್ಲಿ ಅವರು ಒಂದು ತೀರ್ಮಾನಕ್ಕೆ ಬಂದ್ರು: ಬಡವರಿಗೆ ಬಿಡಿ ಅಂತ ಹೇಳೋ ಮೊದಲು ನಾವು ಬಿಡೋಣ. ಮೂರು ದಿನ ವೆಸ್ಲಿಗೆ ವಿಪರೀತ ತಲೆನೋವು, ಅರ್ಧ ನಿದ್ದೆಯಲ್ಲೇ ಓಡಾಡಿದ್ರು. ಮೂರನೇ ದಿನ ಜ್ಞಾಪಕಶಕ್ತಿಯೇ ಕೈಕೊಟ್ಟಿತು ಅಂತ ದಿನಚರಿಯಲ್ಲಿ ಬರ್ಕೊಂಡಿದ್ದಾರೆ. ಸಂಜೆ ಪ್ರಾರ್ಥನೆ ಮಾಡಿದ್ರು, ಮರುದಿನ ಬೆಳಗ್ಗೆ ತಲೆನೋವು ಹೋಗಿತ್ತು. 1748ರಲ್ಲಿ ಇದರ ಬಗ್ಗೆ ಒಂದು ಚಿಕ್ಕ ಪುಸ್ತಕವನ್ನೇ ಬರೆದ್ರು.

ಇಲ್ಲಿಗೆ ಕಥೆ ನಿಲ್ಲಿಸೋ ಬೋಧಕರಿದ್ದಾರೆ, ಚೆನ್ನಾಗಿ ಕೇಳಿಸುತ್ತೆ ಅಂತ. ಮುಂದಿನದನ್ನೂ ಕೇಳಿ. ಸುಮಾರು ಹನ್ನೆರಡು ವರ್ಷ ಆದಮೇಲೆ, ವೈದ್ಯರ ಸಲಹೆ ಮೇಲೆ, ವೆಸ್ಲಿ ಮತ್ತೆ ಟೀ ಕುಡಿಯೋಕೆ ಶುರು ಮಾಡಿದ್ರು. ಕುಂಬಾರಿಕೆಗೆ ಹೆಸರಾದ ವೆಜ್‌ವುಡ್ ಅವರಿಗೆ ಅಂತಾನೇ ಒಂದು ದೊಡ್ಡ ಟೀ ಪಾಟ್ ಮಾಡಿಕೊಟ್ಟಿದ್ದ. ವೆಸ್ಲಿ ಜಾರಿಬಿದ್ದುಹೋದ್ರಾ? ಇಲ್ಲ. ಬಿಟ್ಟಾಗಲೂ ಬಡವರ ಮೇಲಿನ ಪ್ರೀತಿಗೆ ಬಿಟ್ಟಿದ್ರು, ತಗೊಂಡಾಗಲೂ ಸೇವೆ ಮಾಡೋಕೆ ದೇಹಕ್ಕೆ ಬೇಕು ಅಂತ ತಗೊಂಡ್ರು. ಟೀ ಬಿಟ್ಟಿದ್ದನ್ನ ಅವರು ತಮ್ಮ ನೀತಿ ಮಾಡಿಕೊಂಡಿರಲಿಲ್ಲ, ಅದಕ್ಕೇ ಮತ್ತೆ ಕುಡಿಯೋಕೆ ನಾಚಿಕೆ ಆಗಲಿಲ್ಲ.

ಈಗ ನನ್ನ ಮನಸ್ಸಲ್ಲಿ ಭಾರವಾಗಿರೋ ಸಂಗತಿಗೆ ಬರ್ತೀನಿ.

ನಿಮ್ಮಲ್ಲಿ ಹೆಚ್ಚಿನವರು ಮನೆಯಲ್ಲಿ ಒಬ್ಬರೇ ವಿಶ್ವಾಸಿಗಳು. ಅಪ್ಪ, ಅಮ್ಮ, ಅಜ್ಜಿ ಇನ್ನೂ ಕರ್ತನನ್ನ ಅರಿತಿಲ್ಲ. ಅಂಥ ಒಬ್ಬ ಸಹೋದರನ ವಿಷಯ ಹೇಳ್ತೀನಿ, ಅವನನ್ನ ಕೇಳಿಯೇ ಹೇಳ್ತಿದ್ದೀನಿ. ಹೆಸರು, ಊರು ಬೇಡ. ರೇಷ್ಮೆ ಸಾಕೋ ಮನೆ. ಅವನು ದೀಕ್ಷಾಸ್ನಾನ ತಗೊಂಡ ದಿನದಿಂದ ಅಪ್ಪ ಮಾತು ಬಿಟ್ಟರು. ಅಮ್ಮನೂ ಅಷ್ಟಕ್ಕಷ್ಟೇ. ಆದರೆ ಬೆಳಗ್ಗೆ ಒಂದು ಹೊತ್ತು ಮಾತ್ರ ಹಾಗೇ ಉಳಿದಿತ್ತು. ಹುಳಕ್ಕೆ ಸೊಪ್ಪು ಹಾಕಿ ಬಂದು ಅಮ್ಮ ಕಾಫಿ ಮಾಡೋಳು, ಇವನಿಗೊಂದು ಲೋಟ, ತನಗೊಂದು ಲೋಟ. ಇಬ್ಬರೂ ಜಗಲಿ ಮೇಲೆ ಹತ್ತು ನಿಮಿಷ ಕೂರೋರು. ಹುಳ ನಾಲ್ಕನೇ ಜ್ವರದಿಂದ ಎದ್ದಿದೆ, ಸೊಪ್ಪು ಸಾಕಾಗಲ್ಲ, ಪಕ್ಕದ ಮನೆ ಮದುವೆಗೆ ಏನು ಕೊಡೋದು, ಇಂಥವೇ ಮಾತು. ದೇವರ ಮಾತು ಇಬ್ಬರೂ ಎತ್ತುತ್ತಿರಲಿಲ್ಲ.

ಇವನು ಒಂದು ಕೂಟದಲ್ಲಿ ಮನಸ್ಸು ಕರಗಿ 40 ದಿನ ಕಾಫಿ ಬಿಡ್ತೀನಿ ಅಂತ ಹರಕೆ ಮಾಡಿಕೊಂಡ. ಬೆಳಗ್ಗೆ ಅಮ್ಮನಿಗೆ "ನಂಗೆ ಬ್ಯಾಡಮ್ಮ, ದೇವರಿಗೆ ಬಿಟ್ಟಿದ್ದೀನಿ" ಅಂದ. ಅಮ್ಮ ಏನೂ ಹೇಳಲಿಲ್ಲ. ಕೆಲವು ದಿನ ಆದ ಮೇಲೆ ಅವಳು ಜಗಲಿಗೆ ಬರೋದು ನಿಲ್ಲಿಸಿದಳು, ಒಳಗೇ ಕುಡಿದು ಕೆಲಸಕ್ಕೆ ಹೋಗೋಳು. ಒಂದು ದಿನ ಚಿಕ್ಕಮ್ಮನ ಹತ್ತಿರ ಹೇಳ್ತಿದ್ದದ್ದು ಇವನ ಕಿವಿಗೆ ಬಿತ್ತು: "ನನ್ನ ಕೈ ಕಾಪಿನೂ ಬ್ಯಾಡ್ವಂತೆ ಕಣೇ ಅವನ್ಗೆ. ಅದನ್ನೂ ಬಿಡಿಸ್ಬುಟ್ರು."

ಪ್ರಿಯರೇ, ಅವಳ ಮನಸ್ಸಲ್ಲಿ ಅದನ್ನ ಬಿಡಿಸಿದ್ದು ಯಾರು? ಯೇಸು. ಸಭೆ. ನಾವು.

ಅವನು ನನ್ನ ಹತ್ತಿರ ಬಂದು ಕೇಳಿದ, "ಬ್ರದರ್, ಹರಕೆ ಮುರಿದ್ರೆ ಪಾಪ ಅಲ್ವಾ? ಪ್ರಸಂಗಿ 5ರಲ್ಲಿ ಹರಕೆ ಮಾಡಿದ್ರೆ ತೀರಿಸಬೇಕು ಅಂತ ಇದೆಯಲ್ಲ?" ಒಳ್ಳೆ ಪ್ರಶ್ನೆ. ನಾವು ಮಾರ್ಕ 7:9-13 ತೆಗೆದು ಓದಿದೆವು. ಆ ಕಾಲದಲ್ಲಿ ಕೊರ್ಬಾನ್ ಅನ್ನೋ ಒಂದು ಪದ್ಧತಿ ಇತ್ತು. ಒಬ್ಬ ಮನುಷ್ಯ ತನ್ನ ಹತ್ತಿರ ಇರೋದನ್ನ ದೇವರಿಗೆ ಮೀಸಲು ಅಂತ ಹೇಳಿಬಿಟ್ರೆ, ಅದರಿಂದ ತಂದೆ ತಾಯಿಗೆ ಸಹಾಯ ಮಾಡಬೇಕಾಗಿರಲಿಲ್ಲ. ಕೇಳೋಕೆ ಎಷ್ಟು ಭಕ್ತಿಯ ಮಾತು! ಕರ್ತನು ಅದನ್ನ ಮೆಚ್ಚಿಕೊಂಡನಾ? ನೀವು ನಿಮ್ಮ ಸಂಪ್ರದಾಯ ಹಿಡ್ಕೊಂಡು ದೇವರ ಆಜ್ಞೆಯನ್ನೇ ತಳ್ಳಿಹಾಕ್ತಿದ್ದೀರಿ ಅಂತ ಗದರಿಸಿದ. ತಂದೆ ತಾಯಿಯನ್ನ ಸನ್ಮಾನಿಸು ಅನ್ನೋ ಆಜ್ಞೆ ಮೇಲೆ ದೇವರ ಹೆಸರಲ್ಲೇ ಪರದೆ ಎಳೆಯೋಕೆ ಆತ ಒಪ್ಪಲಿಲ್ಲ.

ನಾನು ಅವನಿಗೆ ಹೇಳಿದ್ದು ಇಷ್ಟು. ತಮ್ಮ, ಕಾಫಿ ನಿನ್ನದು, ನೀನು ಬಿಡಬಹುದು. ಆ ಹತ್ತು ನಿಮಿಷದಲ್ಲಿ ಅರ್ಧ ನಿಮ್ಮಮ್ಮನದು. ಅವಳನ್ನ ಒಂದು ಮಾತು ಕೇಳದೆ ಅವಳ ಪಾಲನ್ನೂ ಎತ್ತಿ ಹೇಗೆ ಅರ್ಪಿಸಿದೆ? ನಿನಗೆ ದೇವರಿಗೆ ಏನಾದರೂ ಬಿಡಬೇಕು ಅಂತಿದ್ರೆ, ರೈಲಿಳಿದ ಮೇಲೆ ಅಂಗಡಿಯಲ್ಲಿ ಕುಡಿಯೋ ಎರಡು ಕಾಫಿ ಬಿಡು. ಅದರಿಂದ ನೋವಾಗೋದು ನಿನಗೊಬ್ಬನಿಗೇ.

ಮರುದಿನ ಬೆಳಗ್ಗೆ ಅವನು ಅಡುಗೆಮನೆ ಬಾಗಿಲಲ್ಲಿ ನಿಂತು, "ಅಮ್ಮ, ಕಾಪಿ ಐತಾ?" ಅಂದನಂತೆ. ಅವಳು ತಿರುಗಿ ನೋಡದೆ, "ಹಾಲಿನ್ನೂ ಕಾದಿಲ್ಲ, ಕೂತ್ಕೋ" ಅಂದಳಂತೆ. ಅವಳು ಇನ್ನೂ ಸಭೆಗೆ ಬಂದಿಲ್ಲ. ಬರ್ತಾಳೋ ಇಲ್ಲವೋ ಕರ್ತನಿಗೆ ಗೊತ್ತು. ಜಗಲಿಗೆ ಮಾತ್ರ ಮತ್ತೆ ಬಂದಿದ್ದಾಳೆ.

ಕೆಲವರು ದಾನಿಯೇಲನನ್ನ ತೋರಿಸ್ತೀರಿ. ಅವನು ಅರಸನ ಆಹಾರ ಬೇಡ ಅಂದನಲ್ಲ, ಯಾರು ಬೇಜಾರು ಮಾಡ್ಕೊಂಡ್ರೂ ಬಿಡಲಿಲ್ಲವಲ್ಲ ಅಂತ. ಅಧ್ಯಾಯವನ್ನ ನಿಧಾನವಾಗಿ ಓದಿ. ಅವನು ಹೃದಯದಲ್ಲಿ ನಿಶ್ಚಯ ಮಾಡಿದ, ಸರಿ. ಆಮೇಲೆ ಏನು ಮಾಡಿದ? ಕೇಳಿಕೊಂಡ. ಅಧಿಕಾರಿಗೆ ತನ್ನ ತಲೆ ಹೋಗುತ್ತೆ ಅನ್ನೋ ಭಯ ಇತ್ತು. ದಾನಿಯೇಲ ಆ ಭಯವನ್ನ ತಳ್ಳಿಹಾಕಲಿಲ್ಲ, ಮೇಲ್ವಿಚಾರಕನ ಹತ್ತಿರ ಹೋಗಿ, ಹತ್ತು ದಿನ ಪರೀಕ್ಷೆ ಮಾಡಿ ನೋಡು, ಆಮೇಲೆ ನಿನಗೆ ಹೇಗೆ ಸರಿಯೋ ಹಾಗೆ ಮಾಡು ಅಂದ. ತನ್ನ ನಂಬಿಕೆಗೆ ಬೇರೆಯವನ ತಲೆ ಅಡ ಇಡಲಿಲ್ಲ. ನಮ್ಮ 21 ದಿನ ಕೂಡ ಇದೇ ಪುಸ್ತಕದ 10ನೇ ಅಧ್ಯಾಯದ ಮೂರು ವಾರದಿಂದ ಬಂದದ್ದು, ಅಲ್ಲಿ ಅವನು ರುಚಿಯಾದ ಆಹಾರ ಬಿಟ್ಟು ಪ್ರಾರ್ಥಿಸಿದ. ಉಪವಾಸದ ಜೊತೆ ಅವನ ವಿನಯವನ್ನೂ ತಗೊಳ್ಳಿ.

ಹಾಗಾಗಿ ಸೋಮವಾರಕ್ಕೆ ಮುಂಚೆ ಮನೆಯಲ್ಲಿ ಮಾತಾಡಿ. "ಅಮ್ಮ, ಮೂರು ವಾರ ಕಾಫಿ ಬಿಡಬೇಕು ಅಂತಿದ್ದೀನಿ, ನಿನ್ನ ಜೊತೆ ಕೂತು ಬಿಸಿನೀರೋ ರಾಗಿ ಗಂಜಿಯೋ ಕುಡೀತೀನಿ, ಪರವಾಗಿಲ್ವಾ?" ಅಂತ ಕೇಳಿ. ಅವರ ಮುಖ ಸಣ್ಣದಾದ್ರೆ ಬೇರೆ ಏನಾದರೂ ಬಿಡಿ. ಫೋನಲ್ಲಿ ರೀಲ್ಸ್ ಇದೆಯಲ್ಲ, ಅದನ್ನ ಬಿಟ್ರೆ ಯಾವ ಅಮ್ಮನೂ ಅಳಲ್ಲ.

ಬೇರೆಯವರ ಮನೆಗೆ ಹೋದಾಗಲೂ ಇದೇ. ಲೂಕ 10ರಲ್ಲಿ ಕರ್ತನು ಶಿಷ್ಯರನ್ನ ಇಬ್ಬಿಬ್ಬರಾಗಿ ಕಳಿಸುವಾಗ, ಹೋದ ಮನೆಯಲ್ಲಿ ಮುಂದಿಟ್ಟದ್ದನ್ನ ತಿನ್ನಿ, ಕುಡೀರಿ ಅಂತ ಹೇಳಿ ಕಳಿಸಿದ. ನಮ್ಮ ಹಳ್ಳಿಗಳಲ್ಲಿ ಜಾತಿಯ ಕಾರಣಕ್ಕೆ ಒಬ್ಬರ ಮನೆ ನೀರು ಇನ್ನೊಬ್ಬರು ಕುಡಿಯದೆ ಇದ್ದದ್ದು ನಿಮಗೆ ಗೊತ್ತು. ಕೆಲವು ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟ ಚರಿತ್ರೆ ನಮ್ಮ ರಾಜ್ಯದ್ದು. ಅಂಥ ಅವಮಾನ ಉಂಡ ಮನೆಯವರು ಪ್ರೀತಿಯಿಂದ ಕಾಫಿ ತಂದಿಟ್ಟಾಗ, ನೀವು ಉಪವಾಸ ಅಂತ ಲೋಟ ಆಚೆ ಸರಿಸಿದ್ರೆ ಅವರಿಗೆ ಕಾಣೋದು ನಿಮ್ಮ ಉಪವಾಸ ಅಲ್ಲ. ಅಲ್ಲಿ ಕುಡಿಯಿರಿ. ದೇವರು ಲೆಕ್ಕ ಇಡೋದು ಬೇರೆ ಥರ.

ಈಗ ಬಿಡೋಕೆ ನಿಶ್ಚಯ ಮಾಡಿರೋರಿಗೆ ನಾಲ್ಕು ಮಾತು. ಇವತ್ತಿಂದಲೇ ಕಡಿಮೆ ಮಾಡ್ತಾ ಬನ್ನಿ. ಎರಡು ಲೋಟ ಇದ್ದದ್ದು ಒಂದು, ಆಮೇಲೆ ಬೈ ಟು. ಹಾಗೆ ಇಳಿಸಿದ್ರೆ ತಲೆನೋವು ಅಷ್ಟು ಕಾಡಲ್ಲ. ನೀರು ಚೆನ್ನಾಗಿ ಕುಡೀರಿ. ನೈಟ್ ಶಿಫ್ಟ್ ಮುಗಿಸಿ ಬೈಕಲ್ಲಿ ಮನೆಗೆ ಬರೋರು ಕಾಫಿ ಬಿಡಲೇಬೇಡಿ, ಹೆದ್ದಾರಿಯಲ್ಲಿ ತೂಕಡಿಸೋಕೆ ದೇವರು ಕರೆದಿಲ್ಲ. ಗರ್ಭಿಣಿ ಸಹೋದರಿಯರು ಉಪವಾಸ ಬೇಡ, ಆದರೆ ಕಾಫಿ ಎಷ್ಟು ಅಂತ ಡಾಕ್ಟರನ್ನ ಕೇಳಿ, ನಿಮಗೆ ಕಡಿಮೆಯೇ ಒಳ್ಳೆಯದು. ರಕ್ತ ಕಡಿಮೆ ಇದ್ದು ಕಬ್ಬಿಣದ ಮಾತ್ರೆ ತಗೊಳ್ಳೋರು ಅದರ ಜೊತೆ ಕಾಫಿ, ಟೀ ಕುಡಿದ್ರೆ ಕಬ್ಬಿಣ ಸರಿಯಾಗಿ ದೇಹಕ್ಕೆ ಸೇರಲ್ಲ. ಥೈರಾಯ್ಡ್ ಮಾತ್ರೆ ತಗೊಂಡವರೂ ಅರ್ಧ ಗಂಟೆಯಾದರೂ ಕಾಯಿರಿ. ಇದನ್ನ ಆತ್ಮಿಕ ಕೂಟದಲ್ಲಿ ಹೇಳಬೇಕಾ ಅಂತ ಕೇಳಬೇಡಿ, ದೇಹವೂ ದೇವರ ಆಲಯವೇ.

ಮತ್ತೆ ದುಡ್ಡು. ಹೊರಗೆ ದಿನಕ್ಕೆ ಎರಡು ಕಾಫಿ, ಒಂದಕ್ಕೆ 20 ರೂಪಾಯಿ ಅಂತ ಇಟ್ಟುಕೊಂಡ್ರೂ 21 ದಿನಕ್ಕೆ 840 ರೂಪಾಯಿ. ಯೆಶಾಯ 58 ಪ್ರಕಾರ ಉಪವಾಸದ ಪಾಲು ಹಸಿದವನ ತಟ್ಟೆಗೆ ಹೋಗಬೇಕು. ಆ 840 ರೂಪಾಯಿಯನ್ನ ಕಾಣಿಕೆ ಡಬ್ಬಕ್ಕೆ ಹಾಕಬೇಡಿ, ಇದನ್ನ ನಾನೇ ಹೇಳ್ತಿದ್ದೀನಿ. ನಿಮ್ಮ ಬೀದಿಯಲ್ಲಿ ಫೀಸ್ ಕಟ್ಟೋಕೆ ಕಷ್ಟಪಡ್ತಿರೋ ಮಗು ಇದ್ದರೆ, ಔಷಧಿ ತಗೊಳ್ಳೋಕೆ ಆಗದ ಅಜ್ಜಿ ಇದ್ದರೆ, ಅಲ್ಲಿಗೆ ಹೋಗಲಿ. ಕೊಟ್ಟದ್ದನ್ನ ವಾಟ್ಸಾಪ್ ಸ್ಟೇಟಸ್ ಹಾಕಬೇಡಿ, ಮತ್ತಾಯ 6 ನೆನಪಿರಲಿ.

ಬಿಡದೆ ಇರೋರು ತಲೆ ತಗ್ಗಿಸಬೇಡಿ. ಬಿಟ್ಟವರು ಅವರನ್ನ ಓರೆಗಣ್ಣಲ್ಲಿ ನೋಡಬೇಡಿ. ರೋಮಾಪುರ 14ರಲ್ಲಿ ತಿನ್ನೋನಿಗೂ ತಿನ್ನದವನಿಗೂ ಒಬ್ಬನೇ ಯಜಮಾನ. ಯೋಹಾನ 21ರಲ್ಲಿ ಪುನರುತ್ಥಾನವಾದ ಕರ್ತನು, ರಾತ್ರಿಯೆಲ್ಲಾ ದುಡಿದು ದಣಿದು ಬಂದ ಶಿಷ್ಯರಿಗೆ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು, ರೊಟ್ಟಿ ಇಟ್ಟು, ಬನ್ನಿ ತಿನ್ನಿ ಅಂದ. ಪೇತ್ರನ ಹತ್ತಿರ ದೊಡ್ಡ ಮಾತು ಆಡಿದ್ದು ಅದಾದ ಮೇಲೆ.

ಎದ್ದು ನಿಲ್ಲೋಣ. ಮನೆಯಲ್ಲಿ ಒಬ್ಬರೇ ವಿಶ್ವಾಸಿಯಾಗಿರೋರು ಮುಂದೆ ಬನ್ನಿ, ನಿಮಗೋಸ್ಕರ ಪ್ರಾರ್ಥಿಸಬೇಕು. ಕಣ್ಣು ಮುಚ್ಚೋಣ.

ಪರಲೋಕದ ತಂದೆಯೇ, ಈ ಮಕ್ಕಳ ಅಪ್ಪ ಅಮ್ಮಂದಿರನ್ನ ನಿನ್ನ ಕೈಗೆ ಒಪ್ಪಿಸ್ತೀವಿ. ನಾಳೆ ಬೆಳಗ್ಗೆ ಕತ್ತಲಲ್ಲೇ ಎದ್ದು ಇವರಿಗಾಗಿ ಒಲೆ ಹಚ್ಚೋ ಆ ಕೈಗಳನ್ನ ಆಶೀರ್ವದಿಸು. ಮಾತು ನಿಂತುಹೋದ ಮನೆಗಳಲ್ಲಿ ಮಾತು ಶುರುವಾಗಲಿ. ಯೇಸುವಿನ ನಾಮದಲ್ಲಿ, ಆಮೆನ್.